ಒಂದು ಚಮಚ ಹೆಪ್ಪು

ಕಾಸರಗೋಡಿನ ಉದಯಶಂಕರರು ತಿರುವನಂತಪುರದಲ್ಲಿ ಸರ್ಕಾರದ ಕಾನೂನು ಅಧಿಕಾರಿ. ಕಚೇರಿಯಲ್ಲಿ ಸಾಕ್ಷಿಯಿಲ್ಲದೆ ಯಾರನ್ನೂ ದೂರಿದವರಲ್ಲ. ಮನೆಯಲ್ಲಿ ಮಾತ್ರ ಕಣ್ಣಿಗೆ ಕಾಣದ ಕ್ರಿಮಿಗಳ ಮೇಲೆ ವಿಚಾರಣೆಯಿಲ್ಲದ ಹಗೆ. ೨೦೦೬ರಲ್ಲಿ ಬೀದಿಗೆಲ್ಲ ಚಿಕೂನ್‌ಗುನ್ಯಾ ಬಂದ ಮೇಲಂತೂ ಕೈ ತೊಳೆದದ್ದೇ ತೊಳೆದದ್ದು. ರೋಗ ತಂದದ್ದು ಸೊಳ್ಳೆ, ಶಿಕ್ಷೆ ಫ್ರಿಜ್ಜಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇಂಥದ್ದಕ್ಕೇ.

ಮರುವರ್ಷ ಒಂದು ಭಾನುವಾರ ಹೆಂಡತಿ ಸೌದಾಮಿನಿ ದೇವಸ್ಥಾನಕ್ಕೆ ಹೋಗಿದ್ದಾಗ ಅವರು ಫ್ರಿಜ್ಜು ಖಾಲಿ ಮಾಡಿ ಸೋಪುನೀರಲ್ಲಿ ಉಜ್ಜಿದರು. ಮೂಲೆಯಲ್ಲೊಂದು ಪುಟ್ಟ ಭರಣಿ, ಅದರ ತಳದಲ್ಲಿ ಒಂದು ಚಮಚ ಹುಳಿಮೊಸರು. ಮೂಗು ಮುಚ್ಚಿ ಅದನ್ನು ಸುರಿದರು, ಭರಣಿಯನ್ನು ಕುದಿಸಿಯೂ ಬಿಟ್ಟರು.

"ಎಂಥ ಮಾಡಿದ್ರಿ ಮಾರಾಯ್ರೇ?" ಬಂದವಳೇ ಸೌದಾಮಿನಿ ಕೇಳಿದಳು. "ಅದು ಅಮ್ಮನ ಹೆಪ್ಪು."

ಮದುವೆಯಾಗಿ ಬರುವಾಗ ತಾಯಿ ಕೈಗಿತ್ತದ್ದು. ಇಪ್ಪತ್ತಮೂರು ವರ್ಷ, ಇಂದಿನ ಮೊಸರಿಂದ ನಾಳೆಯ ಹಾಲಿಗೆ ಒಂದು ಚಮಚ ತೆಗೆದಿಡುವುದನ್ನು ಅವಳು ತಪ್ಪಿಸಿರಲಿಲ್ಲ. ತಾಯಿ ತೀರಿಕೊಂಡು ಆರು ತಿಂಗಳಾಗಿತ್ತು. ಉದಯಶಂಕರರು ತಂದ ಅಂಗಡಿ ಮೊಸರನ್ನು ಅವಳು ಮುಟ್ಟಲಿಲ್ಲ. ಊಟ ಸಾರಿಗೇ ಮುಗಿಯಿತು, ಮಾತೂ ಅಲ್ಲಿಗೇ ನಿಂತಿತು. ಅವರಿಗೆ ತಮ್ಮ ಮೇಲೇ ಅಸಹ್ಯವಾಯಿತು.

ಮೂರನೆಯ ದಿನ ಮಗಳಿಗೆ ಫೋನು ಮಾಡಿದರು. ಅಶ್ವಿತಾ ದೂರದ ಕಳಮಶ್ಶೇರಿಯ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುತ್ತಿದ್ದಳು.

"ಅಯ್ಯೋ ಅಚ್ಛಾ!" ಅಪ್ಪನನ್ನು ಮಲಯಾಳದಲ್ಲಿ ಕರೆದು ಅವಳು ನಕ್ಕಳು. "ಅಜ್ಜಿದು ನನ್ನ ಹತ್ರ ಉಂಟು. ಓಣಂ ರಜೆಗೆ ಬಂದಾಗ ತಂದದ್ದು, ಹಾಸ್ಟೆಲಲ್ಲಿ ದಿನಾ ಹೆಪ್ಪು ಹಾಕ್ತೇನೆ. ನೀವೇ ಬಂದು ತಕ್ಕೊಂಡು ಹೋಗ್ಬೇಕು."

ಹೋದ ಅಪ್ಪನನ್ನು ಅವಳು ಮೊದಲು ಲ್ಯಾಬಿನ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಗಾಜಿನ ಮೇಲಿನ ಮೊಸರ ಹನಿಯಲ್ಲಿ ಪೋಣಿಸಿದ ಮಣಿಗಳಂತೆ ಸಾಲುಸಾಲು, ನಡುನಡುವೆ ಸಣ್ಣ ಕಡ್ಡಿಗಳು.

"ಹಾಲಿನ ಸಕ್ಕರೆ ತಿಂದು ಹುಳಿ ಮಾಡುವವರು ಇವರೇ. ಇಡ್ಲಿಹಿಟ್ಟು ಉಬ್ಬಿಸುವವರೂ ಇವರ ನೆಂಟರು. ಕಾಯಿಲೆ ತರುವವರು ಕೆಲವರು ಮಾತ್ರ. ಅಚ್ಛನ ಹೊಟ್ಟೆಯಲ್ಲೂ ಕೋಟಿಗಟ್ಟಲೆ ಇದ್ದಾರೆ, ಊಟ ಅರಗಿಸ್ಲಿಕ್ಕೆ. ಪಾವಂಗಳು, ಪಾಪದವರು!"

"ಒಂದು ಚಮಚದಲ್ಲಿ ಎಷ್ಟು ಜನ?"

"ಕೇರಳದ ಜನಸಂಖ್ಯೆಗಿಂತ ಜಾಸ್ತಿ."

ಇಷ್ಟು ಜನರನ್ನು ಸಿಂಕಿಗೆ ಸುರಿದವನು ನಾನೇ ಎಂದುಕೊಂಡು ಅವರು ಕನ್ನಡಕ ಒರೆಸಿಕೊಂಡರು.

ತಿರುವನಂತಪುರದ ರೈಲಿನಲ್ಲಿ ಹೆಪ್ಪಿನ ಡಬ್ಬಿಯನ್ನು ತೊಡೆಯ ಮೇಲಿಟ್ಟು, ಬಿಸಿಲು ತಾಗದಂತೆ ಟವೆಲು ಹೊದಿಸಿದರು. ಕೊಲ್ಲಂ ದಾಟುವಷ್ಟರಲ್ಲಿ ಮೂರು ಸಲ ಮುಚ್ಚಳ ತೆರೆದು ನೋಡಿದ್ದಾಯಿತು. ಏನದು ಎಂದು ಪಕ್ಕದವರು ಕೇಳಿದರು.

"ಅತ್ತೆಯವರು ಕೊಟ್ಟದ್ದು. ಜೀವ ಉಂಟು."

ಪಕ್ಕದವರು ಸ್ವಲ್ಪ ಸರಿದು ಕೂತರು.

ಸಂಜೆ ಸೌದಾಮಿನಿ ಡಬ್ಬಿ ತೆರೆದು ಮೂಸಿದಳು. ಕಣ್ಣು ತುಂಬಿತು. ಹಾಲು ಉಗುರುಬೆಚ್ಚಗೆ ಮಾಡಿ, ಕಿರುಬೆರಳದ್ದಿ ನೋಡಿ, ಹೆಪ್ಪು ಬೆರೆಸಿ ಮುಚ್ಚಿಟ್ಟಳು.

ಮರುದಿನ ಬೆಳಗ್ಗೆ ಉದಯಶಂಕರರು ಹಾಸಿಗೆಯಿಂದ ನೇರ ಅಡಿಗೆಮನೆಗೆ ಬಂದರು. ಪಾತ್ರೆ ವಾಲಿಸಿ ನೋಡಿದರೆ ಗಟ್ಟಿ ಮೊಸರು. ಸೌದಾಮಿನಿ ಸೌಟು ತಂದಳು.

"ತಡಿ," ಎಂದು ಅವರು ಮೊದಲ ಚಮಚವನ್ನು ತಾವೇ ಎತ್ತಿ ಪುಟ್ಟ ಭರಣಿಗೆ ಹಾಕಿದರು. "ಇದು ನಾಳೆಗೆ."

ಐದು ದಿನಗಳಲ್ಲಿ ಮೊದಲ ಸಲ ಸೌದಾಮಿನಿ ನಕ್ಕಳು.

"ಅದೆಲ್ಲ ಸರಿ. ಕೈ ತೊಳೆದಿದ್ದೀರಾ?"

ಉದಯಶಂಕರರು ಕೈ ನೋಡಿಕೊಂಡರು. ತೊಳೆದಿರಲಿಲ್ಲ.