ಐವತ್ತೆರಡು ಇಂಚಿನ ಗೆರೆ

ಮೋಡದ ಚೂರೂ ಇಲ್ಲ ಈ ಬೆಳಗ್ಗೆ, ಆಕಾಶ ಒಗೆದು ಹರವಿದ ಹಾಗಿದೆ, ತಾನೇನೂ ಮಾಡೇ ಇಲ್ಲ ಅನ್ನುವ ಹಾಗೆ, ಸಭಾಂಗಣದ ಕಿಟಕಿಯಿಂದ ಇಳಿದ ಬಿಸಿಲು ಸಾಲಿನಲ್ಲಿ ನಿಂತ ನನ್ನ ಕುತ್ತಿಗೆ ಸುಡುತ್ತಿದೆ — ಕುತ್ತಿಗೆಯಲ್ಲಿ ಅಳತೆಯ ಟೇಪು, ತೆಗೆದಿಡಲು ಮರೆತೆ, ಇರಲಿ, ಹೊಳೆಯ ನೀರು ಇಳಿದ ಮೇಲೆ ಅಂಗಡಿ ಗೋಡೆಯ ಕೆಸರಿನ ಗೆರೆಯನ್ನು ಅಳೆದದ್ದೂ ಇದರಲ್ಲೇ, ನೆಲದಿಂದ ಐವತ್ತೆರಡು ಇಂಚು, ನನ್ನ ಹೊಲಿಗೆ ಮಿಷನ್ನು ಆ ಗೆರೆಯ ಕೆಳಗೆ, ಗಿರಾಕಿಗಳ ಬಟ್ಟೆ ಕೆಳಗೆ, ಬಸ್ ಡ್ರೈವರಣ್ಣನ ಹಸಿರು ಶಾಲೂ ಕೆಳಗೆ, ತೀರಿಕೊಂಡ ಹೆಂಡತಿಯದು, ಮೊಮ್ಮಗಳಿಗೊಂದು ಫ್ರಾಕು ಮಾಡಿಕೊಡಮ್ಮ ಅಂದಿದ್ದ, ಒಮ್ಮೆ ಮೂಗಿಗೆ ಹಿಡಿದು ಆಮೇಲೆ ಕೈಗಿಟ್ಟಿದ್ದ. ಮೂರು ವರ್ಷದಲ್ಲಿ ಎರಡನೇ ಸಲ ಈ ನೀರು, ಅತ್ತೆ ತನ್ನ ಎಂಬತ್ತು ವರ್ಷದಲ್ಲಿ ಒಮ್ಮೆಯೂ ಕಾಣದ ನೀರು. ಪೆಟ್ರೋಲು ಡೀಸೆಲ್ಲು ಮಾರುವ ಎಣ್ಣೆ ಕಂಪನಿಯವರು ಹೊಸ ಮಿಷನ್ನು ಪುಕ್ಕಟೆ ಹಂಚುತ್ತಿದ್ದಾರೆ, ಒಂದು ಕಾಗದಕ್ಕೆ ಸಹಿ ಹಾಕಿದರೆ ಆಯಿತು, ಬಾಗಿಲಾಚೆ ನಾದಿನಿ ಬೇರೊಂದು ಕಾಗದ ಹಿಡಿದು ನಿಂತಿದ್ದಾಳೆ, ಆಸ್ಪತ್ರೆಯ ಡ್ಯೂಟಿ ಮುಗಿಸಿ ಮನೆಮನೆ ತಿರುಗಿ ನಾಲ್ಕು ಸಾವಿರ ಸಹಿ ಕೂಡಿಸಿದವಳು, ಹೊಳೆಯ ತಡೆಗೋಡೆಯ ಖರ್ಚು ಕಂಪನಿಯೇ ಕೊಡಲಿ ಅಂತ — ಹೋಗಿ ತಗೋ ಅತ್ತಿಗೆ, ನಾನು ಬೈಯಲ್ಲ, ಬರೀ ಮಾತು ಬಿಡ್ತೀನಿ ಅಂದಳು, ನಗುತ್ತಲೇ ಅಂದಳು, ಅದೇ ಚುಚ್ಚುತ್ತದೆ.

ನನ್ನ ಸರದಿ, ಓದೋದೇನೂ ಬೇಡಮ್ಮ, ಇಲ್ಲೊಂದು ಸಹಿ ಅನ್ನುತ್ತಾನೆ ಕಂಪನಿಯ ಅಧಿಕಾರಿ, ಒಳ್ಳೆಯ ಅಂಗಿ, ಕಾಲರು ಸ್ವಲ್ಪ ಓರೆ, ನಾನು ಓದುತ್ತೇನೆ, ಅಳತೆ ನೋಡದೆ ಕತ್ತರಿ ಇಟ್ಟವಳಲ್ಲ — ಈ ಪ್ರವಾಹ ದೇವರ ಇಚ್ಛೆ, ಯಾರ ಮೇಲೂ ದೂರಿಲ್ಲ. ದೇವರದಂತೆ. ದಿನಾ ಬೆಳಗ್ಗೆ ಎದ್ದ ಕೂಡಲೇ ಕೈಮುಗಿಯುವವಳು ನಾನು, ಆತ ಅಡಗಿ ಕೂತು ಎಣ್ಣೆ ಮಾರಿದ್ದನ್ನು ಕಾಣೆ, ಎಣ್ಣೆ ಸುಟ್ಟಷ್ಟೂ ಭೂಮಿ ಕಾದು ಮಳೆ ಹೊಳೆ ಹೀಗೆ ಉಕ್ಕುತ್ತವೆ ಎಂದು ಇವರ ಆಫೀಸಿನವರೇ ನಲವತ್ತು ವರ್ಷದ ಹಿಂದೆ ಬರೆದು ಬೀರುವಿನಲ್ಲಿ ಬೀಗ ಹಾಕಿದ್ದರಂತೆ, ಬೀರು ಇವರದು, ಬೀಗ ಇವರದು, ತಪ್ಪು ಮಾತ್ರ ಆತನದೇ, ಕತ್ತರಿ ತಪ್ಪಿದರೆ ಗಿರಾಕಿಗೆ ಬಟ್ಟೆ ನಾವೇ ಕೊಡಬೇಕು, ಅತ್ತೆ ಸೂಜಿ ಹಿಡಿಸುವ ಮೊದಲು ಹೇಳಿಕೊಟ್ಟದ್ದು ಅದನ್ನು — ದೇವರ ಹೆಸರಲ್ಲಿ ನಾನು ಸುಳ್ಳು ಸಹಿ ಹಾಕಲ್ಲಪ್ಪ. ನೀವೂ ಬಸ್ಸಲ್ಲೇ ಬಂದಿರಲ್ಲಮ್ಮ, ಎಣ್ಣೆ ಸುಡದೆ ಬಂತಾ ಅದು ಅನ್ನುತ್ತಾನೆ. ಬಂದೆ, ಟಿಕೀಟು ತಗೊಂಡು ಬಂದೆ, ನಿಮ್ಮ ಟಿಕೀಟು ಎಲ್ಲಿ. ಹಿಂದಿದ್ದ ಕಟಿಂಗ್ ಶಾಪಿನವನು ಕೆಮ್ಮಿದ, ಆಮೇಲೆ ಸಾಲು ಬಿಟ್ಟ, ಅವನ ಹಿಂದಿನವಳೂ ಬಿಟ್ಟಳು, ಬಾಗಿಲಾಚೆ ಹೋಗಿ ನಾದಿನಿಯ ಕಾಗದಕ್ಕೆ ಸಹಿ ಹಾಕಲು ಬಗ್ಗಿದೆ, ಅವಳ ಪೆನ್ನಿನಲ್ಲಿ ಮಸಿ ಮುಗಿದಿತ್ತು, ನನ್ನ ಸೀಮೆಸುಣ್ಣ ಸಾಕಾ ಅಂದೆ, ಮಾತಾಡಿದಳು.

ಮಿಷನ್ನಿಲ್ಲ, ಆದ್ದರಿಂದ ಕೈಹೊಲಿಗೆ, ಬೆರಳ ತುದಿಯೆಲ್ಲ ತೂತು, ಬಟ್ಟೆ ನಾನೇ ತಂದದ್ದು, ಹನ್ನೊಂದು ಸಲ ಒಗೆದ ಮೇಲೆ ಆ ಶಾಲಿನಲ್ಲಿ ಉಳಿದದ್ದು ಅಂಗೈಯಗಲ, ಅದನ್ನೇ ಫ್ರಾಕಿಗೆ ಜೇಬು ಮಾಡಿದ್ದೇನೆ, ಡ್ರೈವರಣ್ಣ ಬಂದು ಬಾಗಿಲಲ್ಲೇ ನಿಂತಿದ್ದಾನೆ, ಶಾಲು ಏನಾಯಿತು ಅಂತ ಕೇಳುತ್ತಿಲ್ಲ, ನೀರು ಇಳಿದ ಮೇಲೆ ಒಮ್ಮೆಯೂ ಕೇಳಿರಲಿಲ್ಲ, ನಾನು ಮಡಿಸಿ ಕೈಗಿಡುತ್ತೇನೆ, ಅವನು ಜೇಬನ್ನು ಮೂಗಿಗೆ ಹಿಡಿಯುತ್ತಾನೆ, ಇಳಿಸಿ ಹೆಬ್ಬೆರಳಿಂದ ಸವರುತ್ತಾನೆ — ಹಸಿರಿನ ಮೇಲೆ ಅಡ್ಡಕ್ಕೆ ಕಂದು, ಹನ್ನೊಂದು ಸಲಕ್ಕೂ ಹೋಗದ್ದು, ಗೋಡೆಯದೇ, ಅದೇ ಗೆರೆ