ಹಸಿರು ತುಂಡಿನ ಕೌದಿ

ಮುಂಡರಗಿಯ ಸಾಬೀರಾಗ ಹೊಟ್ಟಿಕಿಚ್ಚು ಹೊಸದೇನಲ್ಲ ಬಿಡ್ರಿ. ಹೊಲಿಗಿ ಕ್ಲಾಸಿನ್ಯಾಗ ಜೋಡಿಲೆ ಕಲ್ತ ನಿಶಾತ ಗದಗಕ್ಕ ಹೋಗಿ ದೊಡ್ಡ ಮನಶ್ಯಾಳಾದಾಗಿಂದ ಅದು ಒಳಗ ಹೊಗಿ ಆಡತಿತ್ತು. ಈ ಸಲ ಮಾತ್ರ ಖರೇನ ಬೆಂಕಿ ಬಿತ್ತು.

ಎರಡು ವರ್ಷ ಬಸ್ಸು ಹತ್ತಿಳಿದು, ಹಳೆ ಸೀರಿ ತುಂಡು ಜೋಡಿಸಿ ಕೌದಿ ಹೊಲಿಯೋ ಹೆಣ್ಮಕ್ಕಳ ಮನಿ ಮನಿ ತಿರಗಿ, ಸಾಬೀರಾ ಅಂತರ್ಜಾಲದ ಮುಕ್ತ ವಿಶ್ವಕೋಶದಾಗ ಮುಂಡರಗಿ ಸೀಮಿ ಕೌದಿ ಮ್ಯಾಲೆ ಒಂದು ಲೇಖನ ಬರದಿದ್ದಳು. ಅಲ್ಲಿಂದ ಯಾರು ಬೇಕಾದರೂ ತೊಗೊಬಹುದು. ಎಲ್ಲಿಂದ ತಂದ್ವಿ, ಬರದವರು ಯಾರು ಅಂತ ಹೇಳಬೇಕು, ಅಷ್ಟ. ನಿಶಾತ ಅಷ್ಟೂ ಹೇಳಲಿಲ್ಲ. ಇಡೀ ಲೇಖನ ಎತ್ತಿ ತನ್ನ ವೆಬ್‌ಸೈಟಿಗೆ ಹಾಕಿ, ಮ್ಯಾಲೆ ತನ್ನ ಫೋಟೋ ಅಂಟಿಸಿಬಿಟ್ಟಳು. ಆ ಲೇಖನಕ್ಕ ಬೆಟಗೇರಿಯೊಳಗ ಆಕಿನ್ನ ಕರದು ಶಾಲು ಹೊಚ್ಚಿದರು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರಿ! ಆ ಶಾಲಿನ ಬಣ್ಣ ಸೈತ ಸಾಬೀರಾನ ಕಣ್ಣಾಗ ಚುಚ್ಚತಿತ್ತು.

ಫೋನ್ ಹಚ್ಚಿ ಕೇಳಿದರ ನಿಶಾತ ತಣ್ಣಗ ಅಂದಳು, ಊರ ಪದ್ಧತಿ ಊರಿಗೆಲ್ಲಾ ಸೇರಿದ್ದು, ಅದಕ್ಯಾಕ ನಿನ್ನ ಹೆಸರು ಅಂತ.

ಸಾಬೀರಾ ಬಿಡೋ ಪೈಕಿ ಅಲ್ಲ. ಲೇಖನದಾಗ ಒಂದು ಸಾಲಿತ್ತು: "ಈ ಸೀಮೆಯ ಕೌದಿಯ ಮೂಲೆಗೆ ಹಸಿರು ತುಂಡೊಂದನ್ನು ಹಚ್ಚುವ ಪದ್ಧತಿಯಿದೆ." ಇದನ್ನ ಮತ್ಯಾರೂ ಬರದಿಲ್ಲ. ಸಿಂಗಟಾಲೂರಾಗ ಗುರುಸಿದ್ದವ್ವ ಅನ್ನೋ ಮುದುಕಿ ಕಡೆ ಕುಂತು, ಓಣ್ಯಾಗಿನ ಹತ್ತು ಕೌದಿ ಬಿಚ್ಚಿ ನೋಡಿ, ತಾನ ಕಂಡಿದ್ದು. ಆಕಿ ಬಾಯಿಲೆ ಒಂದು ಮಾತು ಹೇಳಿಸಿ ವಿಡಿಯೋ ಮಾಡಿದರ ನಿಶಾತಳ ಶಾಲು ಜಾರತೈತಿ ಅಂತ ಮರುದಿನ ಬಸ್ಸು ಹತ್ತಿದಳು.

ಗುರುಸಿದ್ದವ್ವ ಚಾ ಕೊಟ್ಟಳು. ಸಾಬೀರಾ ಕಳ್ಳತನದ ಕಥಿ ಎಲ್ಲಾ ಹೇಳಿ, ವಿಡಿಯೋ ಚಾಲೂ ಮಾಡಿ ಫೋನ್ ಎದುರಿಗಿಟ್ಟು, ಆ ಸಾಲು ಹೇಳಿ, ಇದನ್ನ ಕೇಳಾಕ ಬಂದಾಕಿ ನಾನ ಹೌದಲ್ಲೊ ಅಂದಳು.

"ಬಂದಾಕಿ ನೀನ, ಖರೆ," ಅಂದಳು ಗುರುಸಿದ್ದವ್ವ. "ಆದರ ಅದು ಪದ್ಧತಿ ಅಂತ ನಿನಗ ಯಾರು ಹೇಳಿದರು?"

ಹತ್ತೂ ಕೌದಿಗೆ ಇತ್ತಲ್ಲಬೇ ಅಂತ ಸಾಬೀರಾ ತಡವರಿಸಿದಳು.

"ಹತ್ತನ್ನೂ ಹೊಲದಾಕಿ ನಾನ, ಅದಕ್ಕಿತ್ತು. ಮಂದಿ ಹರಕ ಸೀರಿ ತಂದು ಕೊಡತಾರ, ಕೌದಿ ಒಯ್ತಾರ. ಹೊಲದಾಕಿ ಯಾರು ಅಂತ ಯಾರೂ ಕೇಳೂದಿಲ್ಲ. ನನಗ ಹೆಸರು ಬರಿಯಾಕ ಬರೂದಿಲ್ಲವ್ವಾ. ಅದಕ್ಕ ಹಸಿರು ತುಂಡು ಹಚ್ಚತಿದ್ದೆ."

ವಿಶ್ವಕೋಶ ಅಚ್ಚಾದ ಆಧಾರ ಕೇಳತೈತಿ ಅಂತ ಸಾಬೀರಾ ಲೇಖನದ ಕೆಳಗ ಯಾವುದೋ ಸ್ಮರಣ ಸಂಚಿಕಿ ಹೆಸರು ಹಾಕಿದ್ದಳು. ಗುರುಸಿದ್ದವ್ವನ ಹೆಸರು ಎಲ್ಲೂ ಇರಲಿಲ್ಲ. ನಿಶಾತ ಇದನ್ನ ನೋಡಿದರ ಎಷ್ಟು ನಗತಾಳೋ ಅನ್ನೋ ಉರಿ ಮೊದಲು ಬಂತು. ನಾಚಿಕಿ ಆಮ್ಯಾಲೆ ಬಂತು.

ಫೋನ್ ಇನ್ನೂ ವಿಡಿಯೋ ಮಾಡತಿತ್ತು. ಗುರುಸಿದ್ದವ್ವ ಅದರ ಸಮೀಪ ಸರದು, ಕಣ್ಣು ಕಿರಿದು ಮಾಡಿ ನೋಡಿದಳು.

"ಎರಡು ವರ್ಷ ತಿರಗಿ ಬರದೇನಿ ಅಂದಿ. ಎಲ್ಲಿ, ಅದರಾಗ ನನ್ನ ಹೆಸರು ಯಾವುದು, ತೋರಸು."

ಸಾಬೀರಾ ಫೋನ್ ಬೋರಲ ಹಾಕಿದಳು.