ನೀಲಿ ವಿಮಾನದ ರಿಮೋಟು

"ಅದರೊಳಗೆ ಯಾವ ರಿಸೀವರ್ ಇದೆ, ಅಮ್ಮಾ?"

ರಿಮೋಟು ಕೊಳ್ಳಲು ಬಂದಿದ್ದ ದರ್ಜಿಯಮ್ಮ ಕೈಚೀಲವನ್ನು ಗಾಜಿನ ಕಪಾಟಿನ ಮೇಲಿಟ್ಟು ಒಂದು ಗಳಿಗೆ ಯೋಚಿಸಿದಳು. "ನೀಲಿ ವಿಮಾನ," ಎಂದಳು. "ರೆಕ್ಕೆ ಮಾತ್ರ ಬಿಳಿ."

"ಬಣ್ಣ ಅಲ್ಲಮ್ಮಾ, ನಾನು ಕೇಳಿದ್ದು ರಿಸೀವರ್." ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿ, ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಯೊಂದನ್ನು ಅಂಗೈಯಲ್ಲಿ ಹಿಡಿದು ತೋರಿಸಿದ. ಅದರಿಂದ ಜಿರಲೆಯ ಮೀಸೆಯಂಥ ಎರಡು ತಂತಿ ಹೊರಟಿದ್ದವು. "ವಿಮಾನದ ಹೊಟ್ಟೆಯೊಳಗೆ ಇಂಥದೊಂದು ಇರುತ್ತೆ. ಕೈಲಿ ಹಿಡಿಯೋ ರಿಮೋಟು ಹೇಳಿದ್ದನ್ನ ಕೇಳಿಸಿಕೊಳ್ಳೋದು ಇದೇ. ಎರಡಕ್ಕೂ ಹೊಂದಿಕೆ ಇರಬೇಕು. ಇಲ್ಲದಿದ್ರೆ ಎತ್ತು ಏರಿಗೆ, ಕೋಣ ನೀರಿಗೆ."

"ಯಾವ್ದೋ ಒಂದು ಒಳ್ಳೇದು ಕೊಡಪ್ಪಾ. ನಮ್ಮನೆಯವರೇ ಹೊಂದಿಸ್ಕೋತಾರೆ."

"ಸಂಸಾರದಲ್ಲಿ ಹೊಂದಿಸ್ಕೋಬಹುದಮ್ಮಾ, ರೇಡಿಯೋದಲ್ಲಿ ಆಗಲ್ಲ. ಹೊಟ್ಟೆ ಬಿಚ್ಚಿ ಒಂದು ಫೋಟೋ ತೆಗೆದುಕೊಂಡು ಬನ್ನಿ."

ಅವಳು ಬರಿಗೈಯಲ್ಲಿ ಹೊರಟಳು. ದಾರಿಯುದ್ದಕ್ಕೂ ಅವಳಿಗೆ ತನ್ನ ಮೇಲೇ ಸಿಟ್ಟು. ಇಷ್ಟು ವರ್ಷ ಒಂದೇ ಸೂರಿನಡಿ ಆ ವಿಮಾನಗಳ ಜೊತೆ ಬಾಳಿದವಳು. ಅವುಗಳ ತಲೆಬುಡ ಒಂದೂ ತಿಳಿಯದು. ತಿಳಿಯಬೇಕೆಂದು ಅನಿಸಿದ್ದೂ ಇಲ್ಲ.

ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಹಗಲೆಲ್ಲ ಯಾರದೋ ಕಟ್ಟಡಗಳ ಕತ್ತಲೆಯ ಬಾವಿಯೊಳಗೆ ಜೋತುಬಿದ್ದು ದುಡಿದು, ರಜಾದಿನ ಬಂತೆಂದರೆ ಬಯಲಿಗೆ ಹೋಗಿ ಆಕಾಶ ನೋಡುವವನು. ಮನೆಯಲ್ಲಿ ರಿಮೋಟಿನಿಂದ ಹಾರಿಸುವ ಐದು ಪುಟ್ಟ ವಿಮಾನಗಳಿದ್ದವು. ಒಂದು ಬೀರುವಿನ ಮೇಲೆ, ಎರಡು ಗೋಡೆಗೆ, ಒಂದು ಮಂಚದ ಕೆಳಗೆ. ನೀಲಿಯದು ಅವಳ ಹೊಲಿಗೆ ಮೆಷಿನ್ನಿನ ನೆತ್ತಿಯ ಮೇಲೆಯೇ ತೂಗುತ್ತಿತ್ತು. ಅವಳ ಗುಂಡುಸೂಜಿಗಳು ರೆಕ್ಕೆಗಳ ಪಾಲಾಗುತ್ತಿದ್ದವು, ಗಟ್ಟಿದಾರದ ಉಂಡೆಗಳು ಹೇಳದೆ ಕೇಳದೆ ಮಾಯವಾಗುತ್ತಿದ್ದವು. "ನನಗೆ ಐದು ಜನ ಸವತಿಯರು, ಒಬ್ಬಳೂ ಪಾತ್ರೆ ತೊಳೆಯಲ್ಲ," ಎಂದು ಅವಳು ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದಳು. ಅವನು ಅದಕ್ಕೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಬೆಳಗ್ಗೆ ಬಯಲಿಗೆ ಹೊರಟು ನಿಂತವನು ಬಾಗಿಲಲ್ಲೇ ಕುಸಿದ. ಕೈಯಲ್ಲಿದ್ದ ರಿಮೋಟು ಹೊಸ್ತಿಲಿಗೆ ಬಡಿದು ಹೋಳಾಯಿತು. ಆಸ್ಪತ್ರೆಯಿಂದ ಬಂದ ಮೇಲೆ ಕಾಲು ಹೇಗೋ ಕೋಲಿನ ಆಸರೆಯಲ್ಲಿ ನಡೆಯಿತು, ಬಲಗೈ ಮಾತ್ರ ಮಡಿಲಲ್ಲೇ ಉಳಿಯಿತು. ಮಾತು ಬರುತ್ತಿತ್ತು, ಆದರೆ ತೊದಲುತ್ತಿತ್ತು. ಅರಳು ಹುರಿದಂತೆ ಮಾತಾಡುತ್ತಿದ್ದ ಮನುಷ್ಯ ತನ್ನ ದನಿಗೆ ತಾನೇ ನಾಚಿ, ಬಾಯಿಗೆ ಬೀಗ ಹಾಕಿಕೊಂಡ. ಊಟ ಬೇಕು, ಸಾಕು, ಫ್ಯಾನು ಹಾಕು. ಅಷ್ಟೇ. ಉಳಿದ ಹೊತ್ತು ಗೋಡೆ ನೋಡುತ್ತ ಕೂರುತ್ತಿದ್ದ.

ಅವಳು ಅಂಗಡಿಗೆ ಹೋಗುವ ಹಿಂದಿನ ದಿನ ಅವಳ ಕೈಯಿಂದ ಫೋನು ಮಾಡಿಸಿ, ಬಯಲಿನಲ್ಲಿ ಜೊತೆಗೆ ವಿಮಾನ ಹಾರಿಸುತ್ತಿದ್ದ ಗೆಳೆಯನಾದ ಬೇಕರಿಯವನೊಡನೆ ಮಾತಾಡಿದ್ದ. "ಭಾನುವಾರ ಬಾ. ತಗೊಂಡ್ಹೋಗು. ಎಲ್ಲಾ."

ಸವತಿಯರು ತೊಲಗಿದರು ಎಂದು ಅವಳು ಹಿಗ್ಗಬೇಕಿತ್ತು. ಆದರೆ 'ಎಲ್ಲಾ' ಎಂಬ ಮಾತು ಕಿವಿಗೆ ಬಿದ್ದಾಗ ಅವಳ ಕೈಯಲ್ಲಿದ್ದ ಕತ್ತರಿ ಬಟ್ಟೆಯ ನಡುವೆಯೇ ನಿಂತುಬಿಟ್ಟಿತು. ಮರುದಿನವೇ ಅಂಗಡಿಯ ವಿಳಾಸ ಹುಡುಕಿಕೊಂಡು ಹೊರಟಿದ್ದಳು.

ಅವನು ಊಟ ಮಾಡಿ ಕಣ್ಣು ಮುಚ್ಚಿದಾಗ ಸ್ಟೂಲು ಹತ್ತಿ ನೀಲಿ ವಿಮಾನವನ್ನು ಇಳಿಸಿದಳು. ಹೊಟ್ಟೆಯ ಮುಚ್ಚಳ ಎಬ್ಬಿಸಿ, ಉಸಿರು ಬಿಗಿಹಿಡಿದು ಫೋಟೋ ತೆಗೆದು, ಮತ್ತೆ ಅಂಗಡಿಗೆ ನಡೆದಳು.

ಅಂಗಡಿಯವನು ಫೋಟೋ ದೊಡ್ಡದು ಮಾಡಿ ನೋಡಿ ನಾಲಿಗೆ ಲೊಚಗುಟ್ಟಿದ. "ಹಳೇ ಕಾಲದ್ದು. ಇದೇ ಕಂಪನಿಯ ಹೊಸ ರಿಮೋಟು ನನ್ನ ಹತ್ರ ಇದೆ. ಹೆಸರು ಒಂದೇ, ಆದ್ರೆ ಇದರ ಮಾತು ಅದಕ್ಕೆ ತಿಳಿಯಲ್ಲ. ಬರೀ ಹೆಸರು ನೋಡಿ ತಗೊಂಡವರು ವಾರದೊಳಗೆ ವಾಪಸ್ ಬರ್ತಾರೆ. ಸುಮ್ಮನೆ ಬೇರೆ ಕಂಪನಿಯ ಜೋಡಿ ತಗೊಂಡುಬಿಡಿ. ರಿಮೋಟು ಒಂದು, ಅದಕ್ಕೆ ಒಪ್ಪೋ ರಿಸೀವರ್ ಒಂದು. ಹಳೇದನ್ನ ಕಿತ್ತು ಇದನ್ನ ಕೂರಿಸಿ. ಒಂದಕ್ಕೊಂದರ ಪರಿಚಯ ನಾನೇ ಮಾಡಿಸಿ ಕಳಿಸ್ತೀನಿ."

"ಅವರಿಗೆ ಬಲಗೈ ಸ್ವಾಧೀನ ಇಲ್ಲ," ಎಂದಳು ಅವಳು. ಅಪರಿಚಿತರೆದುರು ಆ ಮಾತನ್ನು ಆಡಿದ್ದು ಅದೇ ಮೊದಲು.

ಅಂಗಡಿಯವನು ಕನ್ನಡಕ ಇಳಿಸಿ ಅವಳನ್ನು ನೋಡಿದ. ಎರಡು ಗಿಡ್ಡ ಕಡ್ಡಿಗಳು ಎದ್ದು ನಿಂತಿದ್ದ ರಿಮೋಟನ್ನು ತನ್ನತ್ತ ತಿರುಗಿಸಿಕೊಂಡು ಗುಂಡಿಗಳನ್ನು ಒತ್ತತೊಡಗಿದ. "ಎಡಚರಿಗೆ ಅಂತ ಒಂದು ವ್ಯವಸ್ಥೆ ಇದೆ. ಹೊರಳಿಸೋದು, ಏರಿಸೋದು, ಇಳಿಸೋದು ಎಲ್ಲ ಎಡಗಡೆ ಕಡ್ಡಿಗೆ. ಬಲಗಡೆ ಕಡ್ಡಿಗೆ ಮುಖ್ಯವಾಗಿ ವೇಗ. ಅದನ್ನ ಒಂದು ಬೆರಳಲ್ಲಿ ಸ್ವಲ್ಪ ಸ್ವಲ್ಪ ತಳ್ಳಿದರೆ ಆಯ್ತು. ಮನೇಲಿ ಪರೀಕ್ಷೆ ಮಾಡೋವಾಗ ಮುಂದಿನ ಪ್ರೊಪೆಲ್ಲರ್ ಮಾತ್ರ ಬಿಚ್ಚಿಡಿ, ಮರೀಬೇಡಿ."

ಅವಳು ಮರೆಯಲಿಲ್ಲ. ಬಿಚ್ಚಲು ನೋಡಿದಳು. ನಟ್ಟು ಜಗ್ಗಲಿಲ್ಲ. ಏನಾಗಿಬಿಡುತ್ತೆ ಮಹಾ, ಎಂದು ಬಿಟ್ಟಳು.

ಶನಿವಾರ ಮಧ್ಯಾಹ್ನ. ಅವನು ಮಂಚದ ಮೇಲೆ ಒರಗಿದ್ದ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಶಾಲೆಯ ಅಂಗಿಗಳ ತೋಳು, ಕಾಲರುಗಳ ನಡುವೆ ವಿಮಾನ ಅಂಗಾತ ಮಲಗಿತ್ತು. ಹಳೆಯ ರಿಸೀವರಿನ ಒಂದೊಂದು ವೈರಿಗೂ ಒಂದೊಂದು ಬಣ್ಣದ ದಾರ ಕಟ್ಟಿ ಗುರುತು ಮಾಡಿಕೊಂಡಿದ್ದಳು. ಒಂದನೆಯ ಮನೆಯ, ಅಂದರೆ ಮೊದಲ ಕಿಂಡಿಯ, ವೈರನ್ನು ಹೊಸದರ ಒಂದನೆಯ ಮನೆಗೆ, ಎರಡನೆಯದನ್ನು ಎರಡನೆಯದಕ್ಕೆ. ಗುಂಡಿಗೆ ಕಾಜಾ ಹೊಲಿಯುವ ಬೆರಳುಗಳಿಗೆ ಅದೇನು ದೊಡ್ಡ ಕೆಲಸವಲ್ಲ. ವಿಮಾನವನ್ನು ನೆಟ್ಟಗೆ ಕೂರಿಸಿ, ರಿಮೋಟಿನ ಸ್ವಿಚ್ಚು ಹಾಕಿ, ಬ್ಯಾಟರಿ ಸಿಕ್ಕಿಸಿದಳು. ರಿಸೀವರಿನ ಪುಟ್ಟ ದೀಪ ಮಿಟುಕದೆ ಬೆಳಗಿತು. ಸಂತೋಷಕ್ಕೆ ಅವಳು ಎಡಗಡೆ ಕಡ್ಡಿಯನ್ನು ಪೂರ್ತಿ ಎಡಕ್ಕೆ ತಳ್ಳಿದಳು. ರೆಕ್ಕೆ ಅಲುಗಲಿಲ್ಲ. ಮೋಟಾರು ಮಾತ್ರ ಪೀಪ್ ಪೀಪ್ ಎಂದಿತು. ಇದೇನಪ್ಪಾ ಎಂದು ಕೈ ಬಿಟ್ಟಳು. ಕಡ್ಡಿ ಚಿಮ್ಮಿ ನಡುವಿಗೆ ಬಂತು.

ಪ್ರೊಪೆಲ್ಲರು ರೊಯ್ಯೆಂದಿತು. ವಿಮಾನ ಮೇಜಿನ ಮೇಲೆ ಮುನ್ನುಗ್ಗಿತು. ಅಂಗಿಯ ತೋಳುಗಳು ಹಕ್ಕಿಗಳಂತೆ ಎದ್ದು ಮನೆ ತುಂಬ ಹಾರಿದವು. ಅವಳು ಒಂದು ಕೈಯಲ್ಲಿ ಅದರ ಬಾಲ ಹಿಡಿದು, ಇನ್ನೊಂದರಲ್ಲಿ ರಿಮೋಟನ್ನು ಎದೆಗವಚಿಕೊಂಡು ಚೀರಿದಳು.

"ಎಡಕ್ಕೆ!" ಮಂಚದಿಂದ ದನಿ ಗುಡುಗಿತು. "ಎಡಕ್ಕೆ ತಳ್ಳು! ಹಾಗೇ ಹಿಡಿ! ಬ್ಯಾಟರಿ ಕೀಳು!"

ಬಾಲ ಬಿಟ್ಟರೆ ಹಾರುತ್ತದೆ. ಬಾಲವನ್ನು ಮೊಣಕೈಯಿಂದ ಒತ್ತಿ, ಕಡ್ಡಿಯನ್ನು ಹೆಬ್ಬೆರಳಿನಿಂದ ತಳ್ಳಿದಳು. ಸದ್ದು ನಿಂತಿತು. ಬ್ಯಾಟರಿ ಕಿತ್ತಳು. ಒಂದು ತೋಳು ಹಾರಿಹೋಗಿ ಅವನ ತಲೆಯ ಮೇಲೆ ಕೂತಿತ್ತು.

ಅವನು ನಗುತ್ತಿದ್ದ. ಬಾಯಿ ಒಂದೇ ಬದಿಗೆ ಎಳೆದಿತ್ತು, ಕಣ್ಣಲ್ಲಿ ನೀರು ಬಂದಿತ್ತು, ಹೊಟ್ಟೆ ಕುಲುಕುತ್ತಿತ್ತು. ನೆಲದ ಮೇಲೆ ಕೂತು ಅವಳೂ ನಕ್ಕಳು.

"ಮೋಟಾರಿನ ವೈರು... ಒಂದನೇ ಮನೆಗೆ ಯಾಕೆ ಹಾಕ್ದೆ?" ಅವನು ಕೋಲೂರಿ ಬಂದು ಸ್ಟೂಲಿನ ಮೇಲೆ ಕೂತ.

"ಹಳೇದರಲ್ಲಿ ಅಲ್ಲೇ ಇತ್ತಲ್ಲ. ದಾರ ಕಟ್ಟಿ ಗುರುತು ಮಾಡಿದ್ದೆ."

"ಅದು ಆ ಕಂಪನಿ ಲೆಕ್ಕ. ಅವರದು ಮೊದಲು ವೇಗ. ಇವರದು ಮೊದಲು ರೆಕ್ಕೆ, ಆಮೇಲೆ ಬಾಲ, ಮೂರನೇದು ವೇಗ. ಒಬ್ಬೊಬ್ಬರದು ಒಂದೊಂದು ಸಾಲು. ಪೆಟ್ಟಿಗೆ ಮೇಲೆ ಬರೆದಿರುತ್ತೆ, ನೋಡಬೇಕು." ಮಾತು ನಾಲಿಗೆಯ ಒಂದು ಬದಿಗೆ ಜಾರುತ್ತಿತ್ತು, ಅವನು ಲಕ್ಷಿಸಲಿಲ್ಲ. ಎಡಗೈಯಿಂದ ಒಂದೊಂದೇ ವೈರು ಕಿತ್ತು ಅದರದರ ಮನೆಗೆ ಕೂರಿಸಿದ. ಅಷ್ಟು ಉದ್ದದ ಮಾತು ಅವಳು ಕೇಳಿ ಎಷ್ಟೋ ದಿನವಾಗಿತ್ತು.

ಕೊನೆಯ ವೈರು ಸಿಕ್ಕಿಸಿದ ಮೇಲೆ ಅವನಿಗೆ ಎಚ್ಚರವಾದಂತಾಯಿತು. "ಯಾರಿಗೆ ಇದೆಲ್ಲಾ?"

"ನಿಮಗಲ್ಲದೆ ನಮ್ಮಪ್ಪನಿಗಾ?"

ಅವನು ಎಡಗೈಯಿಂದ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟು ತೋರಿಸಿದ. "ಇದನ್ನ ನೋಡು."

"ನೋಡ್ತಾನೇ ಇದೀನಿ. ದಿನಾ ಅಂಗಿಗೆ ಗುಂಡಿ ಹಾಕೋಳು ನಾನೇ ತಾನೆ? ಅಂಗಡಿಯವನು ಎಲ್ಲ ಎಡಗಡೆಗೆ ಮಾಡಿಕೊಟ್ಟಿದಾನೆ. ಹಿಡೀರಿ."

ಅವನು ಪ್ರೊಪೆಲ್ಲರಿನ ನಟ್ಟು ತೋರಿಸಿದ. ಇಬ್ಬರೂ ಸೇರಿ, ಅವನು ಹಿಡಿದು ಅವಳು ತಿರುಗಿಸಿ, ಬಿಚ್ಚಿದರು. ಮತ್ತೆ ಬ್ಯಾಟರಿ ಸಿಕ್ಕಿಸಿದಳು. ಅವನ ಎಡ ಹೆಬ್ಬೆರಳು ಕಡ್ಡಿಯನ್ನು ಮುಟ್ಟಿತು. ರೆಕ್ಕೆಯ ಅಂಚುಗಳು ಒಂದು ಮೇಲೆ, ಒಂದು ಕೆಳಗೆ ಆದವು. ಬಾಲ ಎದ್ದಿತು, ಬಾಗಿತು. ಹಳೆಯ ಅಭ್ಯಾಸದ ಬೆರಳಲ್ಲದ್ದರಿಂದ ಒಮ್ಮೆ ತಪ್ಪಿತು, ಮತ್ತೆ ಸರಿಹೋಯಿತು. ಆಮೇಲೆ ಬಲ ಹೆಬ್ಬೆರಳನ್ನು ಇನ್ನೊಂದು ಕಡ್ಡಿಯ ಮೇಲೆ ಇರಿಸಿಕೊಂಡು ತಳ್ಳಲು ನೋಡಿದ. ಬೆರಳು ಜಾರಿತು. ಇರಿಸಿದ, ಜಾರಿತು. ಹಣೆಯಲ್ಲಿ ಬೆವರು ಮೂಡಿತು. ರಿಮೋಟನ್ನು ಮೆಲ್ಲಗೆ ಕೆಳಗಿಟ್ಟ.

"ಬೇಕರಿಯವನಿಗೇ ಕೊಡು. ಇದನ್ನೂ."

ಅವಳು ಇನ್ನೊಂದು ಸ್ಟೂಲನ್ನು ಅವನ ಬಲಕ್ಕೆ ಎಳೆದುಕೊಂಡು ಕೂತು, ರಿಮೋಟನ್ನು ಇಬ್ಬರ ನಡುವೆ ಇಟ್ಟು, ಬಲಗಡೆ ಕಡ್ಡಿಯನ್ನು ತಾನೇ ಹಿಡಿದಳು. "ಮುಂದೆ ತಳ್ಳಿದರೆ ಜೋರು, ಹಿಂದೆ ಎಳೆದರೆ ನಿಧಾನ. ಇಷ್ಟೇ ತಾನೆ? ಮೆಷಿನ್ ಮುಂದೆ ಕೂತಾಗಿನಿಂದ ಕಾಲಲ್ಲಿ ಮಾಡ್ತಿರೋ ಕೆಲಸ ಇದು. ಕೈಯಲ್ಲಿ ಬರಲ್ವಾ?"

"ನಿನಗೆ ವಿಮಾನ ಕಂಡ್ರಾಗಲ್ಲ."

"ಈಗಲೂ ಆಗಲ್ಲ. ನೀವು ಗೋಡೆ ನೋಡ್ತಾ ಕೂರೋದು ಅದಕ್ಕಿಂತ ಆಗಲ್ಲ."

ಅವನು ಎಡ ಹೆಬ್ಬೆರಳನ್ನು ತನ್ನ ಕಡ್ಡಿಯ ಮೇಲಿಟ್ಟ. "ಇನ್ನೂ ಸ್ವಲ್ಪ ಮುಂದೆ," ಎಂದ. ಅವಳು ತಳ್ಳಿದಳು. "ಅಷ್ಟು ಬೇಡ. ಕಾಲರ್ ಹೊಲೀವಾಗ ಎಷ್ಟೋ, ಅಷ್ಟು." ಅವಳಿಗೆ ಥಟ್ಟನೆ ತಿಳಿಯಿತು. ಮೋಟಾರಿನ ಸದ್ದು ಹದಕ್ಕೆ ಬಂತು.

ಭಾನುವಾರ ಬೇಕರಿಯವನು ಬ್ರೆಡ್ಡಿನ ವಾಸನೆಯ ವ್ಯಾನು ತಂದು ನಿಲ್ಲಿಸಿದ. ಗೆಳೆಯನ ಮುಖ ನೋಡಲಾರದೆ ಚಪ್ಪಲಿ ಬಿಡುವುದರಲ್ಲೇ ಹೊತ್ತು ಕಳೆದ. "ನಾಲ್ಕು ತಗೋ," ಎಂದ ಲಿಫ್ಟ್ ಮೆಕ್ಯಾನಿಕ್. "ನೀಲಿದು ಬಿಡು. ಮತ್ತೆ, ನಮ್ಮಿಬ್ಬರನ್ನೂ ಬಯಲಿಗೆ ಕರಕೊಂಡು ಹೋಗು."

ಬೇಕರಿಯವನು ಅವಳತ್ತ ತಿರುಗಿದ. "ಅತ್ತಿಗೆ ಕೂಡಾ?"

"ಅತ್ತಿಗೆ ಇಲ್ದೆ ಇವತ್ತು ಯಾವುದೂ ಹಾರಲ್ಲ," ಎಂದಳು ಅವಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ.

ಬಯಲಿನಲ್ಲಿ ಹುಲ್ಲು ಮೊಣಕಾಲಿಗೆ ಬಂದಿತ್ತು. ಬೇಕರಿಯವನು ಪ್ರೊಪೆಲ್ಲರನ್ನು ಮತ್ತೆ ಕೂರಿಸಿ, ವಿಮಾನ ಹಿಡಿದು ದೂರ ನಡೆದು, ರಿಮೋಟಿನ ಮಾತು ಅಲ್ಲಿಗೂ ಕೇಳಿಸುತ್ತಿದೆಯೇ ಎಂದು ಪರೀಕ್ಷಿಸಿ ಬಂದ. ರಿಮೋಟಿನ ಪಟ್ಟಿ ಗಂಡನ ಕೊರಳಲ್ಲಿ, ಅವಳು ಅವನ ಬಲ ಭುಜಕ್ಕೆ ಅಂಟಿಕೊಂಡು ನಿಂತಿದ್ದಳು. "ಪೂರ್ತಿ," ಎಂದ. ಅವಳು ಕಣ್ಣು ಮುಚ್ಚಿ ತಳ್ಳಿದಳು. ಬೇಕರಿಯವನು ನಾಲ್ಕು ಹೆಜ್ಜೆ ಓಡಿ ಎಸೆದ.

ವಿಮಾನ ಮೊದಲು ಮುಗ್ಗರಿಸಿತು. ಹುಲ್ಲಿನ ತುದಿ ಸವರಿತು. ಅವನ ಬೆರಳು ತುಸು ಹಿಂದೆ ಬಂತು, ಅದು ಮೂಗೆತ್ತಿತು. "ಕಣ್ಣು ಬಿಡೇ," ಎಂದ ಅವನು. ಬಿಟ್ಟಳು. ನೀಲಿಯ ಮೇಲೆ ನೀಲಿ. ಬಿಳಿಯ ರೆಕ್ಕೆ ಮಾತ್ರ ಕಾಣುತ್ತಿತ್ತು. ಅದು ದೊಡ್ಡ ಸುತ್ತು ಹಾಕಿ ಅವರ ನೆತ್ತಿಯ ಮೇಲೆ ಬಂದಾಗ ಅವಳು ತನಗರಿಯದೆ ಬಗ್ಗಿದಳು. ಅವನ ಭುಜ ನಗುವಿನಿಂದ ಅಲುಗಿದ್ದು ಅವಳ ಭುಜಕ್ಕೆ ತಿಳಿಯಿತು.

"ಕಮ್ಮಿ," ಎಂದ. "ಕಮ್ಮಿ. ಸ್ವಲ್ಪ ಜೋರು. ಹಾಂ. ಈಗ ಕಾಜಾ... ನಿಧಾನ, ನಿಧಾನ."

ಇಳಿಯುವಾಗ ಗಾಳಿ ಅದನ್ನು ದೂರಕ್ಕೆ ಎಳೆದುಕೊಂಡು ಹೋಯಿತು. ಬಯಲಿನ ಆಚೆ ತುದಿಯಲ್ಲಿ ಹುಲ್ಲು ಒಮ್ಮೆ ಸೀಳಿ ಮುಚ್ಚಿಕೊಂಡಿತು. ಅವಳು ಉಸಿರು ಬಿಟ್ಟು ರಿಮೋಟಿನ ಗುಂಡಿಯತ್ತ ಕೈ ಚಾಚಿದಳು.

"ಆರಿಸಬೇಡ. ಮೊದಲು ವಿಮಾನದ ಬ್ಯಾಟರಿ ತೆಗೀಬೇಕು, ಆಮೇಲೆ ಇದನ್ನ ಆರಿಸೋದು. ಅಲ್ಲೀವರೆಗೂ ಅದು ಕೇಳಿಸ್ಕೋತಾನೇ ಇರುತ್ತೆ."

"ನಾನು ಓಡಿಹೋಗಿ ತರ್ತೀನಿ," ಎಂದ ಬೇಕರಿಯವನು.

"ಬೇಡ, ಇರು," ಎಂದಳು ಅವಳು.

ಗಂಡ ಹೆಂಡತಿ ಇಬ್ಬರೂ ಹೊರಟರು. ಅವನ ಎಡಗೈಯಲ್ಲಿ ಕೋಲು, ಎದೆಯ ಮೇಲೆ ತೂಗುವ ರಿಮೋಟು. ಅವಳ ಬಲಗೈ ವೇಗದ ಕಡ್ಡಿಯನ್ನು ಕೆಳಕ್ಕೆ ಒತ್ತಿ ಹಿಡಿದೇ ಇತ್ತು. ಒಂದು ಹೆಜ್ಜೆ, ಕೋಲು, ಇನ್ನೊಂದು ಹೆಜ್ಜೆ. ಹುಲ್ಲು ದಾರಿ ಬಿಟ್ಟು ಅವರ ಹಿಂದೆ ಮತ್ತೆ ಕೂಡಿಕೊಳ್ಳುತ್ತಿತ್ತು. ರಿಮೋಟಿನ ಹಸಿರು ದೀಪ ಬಿಸಿಲಿನಲ್ಲಿ ಮಸುಕಾಗಿ ಉರಿಯುತ್ತಲೇ ಇತ್ತು.